ಶ್ರೀಲಂಕಾಕ್ಕೆ ಹೊರಟಿದ್ದೀರಾ? ಮೊದಲು ತಿಂಗಳು ನೋಡಿ, ಆಮೇಲೆ ಮ್ಯಾಪ್

ಶ್ರೀಲಂಕಾ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಎಷ್ಟು ದಿನ ಬೇಕು? ಯಾವಾಗ ಹೋಗಬೇಕು? ಪ್ಯಾಕೇಜ್ ತಗೊಳ್ಳೋದಾ, ನಾವೇ ಹೋಗೋದಾ? ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಕ್ರಮವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮ್ಯಾಪಿನಲ್ಲಿ ಶ್ರೀಲಂಕಾ ಅಂಗೈಯಗಲ ಕಾಣುತ್ತದೆ. ಅದರ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಹೆಚ್ಚೂಕಡಿಮೆ ಕರ್ನಾಟಕದ ಮೂರನೇ ಒಂದು ಭಾಗ. ಹಾಗಾಗಿ ಒಂದೇ ವಾರದಲ್ಲಿ ಪೂರ್ತಿ ಸುತ್ತಿ ಬರೋಣ ಅಂತ ಹೊರಡುವವರೇ ಜಾಸ್ತಿ. ಅಂಥವರು ಅರ್ಧ ರಜೆಯನ್ನು ಕಾರಿನ ಹಿಂದಿನ ಸೀಟಿನಲ್ಲೇ ಕಳೆಯುತ್ತಾರೆ. ಒಂದು ವಾರಕ್ಕೆ ಅರ್ಧ ದ್ವೀಪ ಸಾಕು. ಯಾವ ಅರ್ಧ ಅನ್ನುವುದನ್ನು ನಿಮಗೆ ರಜೆ ಸಿಗುವ ತಿಂಗಳೇ ತೀರ್ಮಾನಿಸುತ್ತದೆ.

1. ತಿಂಗಳು ನೋಡಿ ದಿಕ್ಕು ಆರಿಸಿ

ಶ್ರೀಲಂಕಾಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ನಮ್ಮ ಕರಾವಳಿ, ಮಲೆನಾಡಿಗೆ ಮಳೆ ತರುವ ಮಾರುತವೇ ಇದು. ಆಗ ಕೊಲಂಬೊ, ಗಾಲೆ, ಮಿರಿಸ್ಸದ ಕಡೆ ಮಳೆ, ಸಮುದ್ರವೂ ಒರಟು. ಅದೇ ಹೊತ್ತಿಗೆ ನಡುವಿನ ಬೆಟ್ಟಗಳು ಮೋಡವನ್ನು ತಡೆಯುವುದರಿಂದ ಪೂರ್ವ ಕರಾವಳಿಯ ತ್ರಿಂಕೋಮಲಿ, ಅರುಗಮ್ ಬೇಯಲ್ಲಿ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಆಗ ಎಲ್ಲ ತಿರುಗುಮುರುಗು: ಪೂರ್ವದಲ್ಲಿ ಮಳೆ, ದಕ್ಷಿಣ ಮತ್ತು ಪಶ್ಚಿಮದ ಬೀಚ್‌ಗಳು ಶಾಂತ.

ಲೆಕ್ಕ ಇಷ್ಟೇ:

- ಡಿಸೆಂಬರ್‌ನಿಂದ ಏಪ್ರಿಲ್: ಬಂಡೆಯ ಮೇಲಿನ ಅರಮನೆಯ ಸಿಗಿರಿಯ, ಬುದ್ಧನ ಹಲ್ಲಿನ ದೇವಾಲಯವಿರುವ ಕ್ಯಾಂಡಿ, 'ಎಲ್ಲ' ಅನ್ನುವ ಬೆಟ್ಟದೂರು, ಆಮೇಲೆ ದಕ್ಷಿಣದ ಬೀಚ್.
- ಮೇಯಿಂದ ಸೆಪ್ಟೆಂಬರ್: ಸಿಗಿರಿಯ, ಕ್ಯಾಂಡಿ, ತ್ರಿಂಕೋಮಲಿ.
- ಅಕ್ಟೋಬರ್, ನವೆಂಬರ್: ಎಲ್ಲಿ ಬೇಕಾದರೂ ಮಳೆ ಬರಬಹುದು. ದಸರಾ, ದೀಪಾವಳಿ ರಜೆಗೆ ಹೋಗುವವರು ಇದನ್ನು ತಿಳಿದುಕೊಂಡೇ ಹೋಗಿ.

ಇಲ್ಲಿ ಜನ ಜಾರಿ ಬೀಳುವುದು ಬೇಸಿಗೆ ರಜೆಯಲ್ಲಿ. ಮಕ್ಕಳಿಗೆ ಮೇ ರಜೆ, ಬೀಚ್ ಬೇಕು ಅಂತ ನೈಋತ್ಯ ಕರಾವಳಿಯ ಬೆಂತೋಟ, ಹಿಕ್ಕಡುವದಲ್ಲಿ ರೂಮು ಮಾಡುತ್ತಾರೆ. ಬಾಡಿಗೆ ಕಡಿಮೆ ಅಂತ ಖುಷಿಯೂ ಆಗುತ್ತದೆ. ಹೋದ ಮೇಲೆ ನೋಡಿದರೆ ಬೀಚಿನ ತುಂಬ ಕೆಂಪು ಬಾವುಟ, ನೀರಿಗೆ ಇಳಿಯುವ ಹಾಗಿಲ್ಲ.

2. ಕಾಗದಪತ್ರ, ದುಡ್ಡು, ಫೋನು

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹೊರಡುವ ಮುನ್ನ ಇಟಿಎ ಮಾಡಿಸಿ. ಇದು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಅನುಮತಿ, 30 ದಿನದ್ದು. ಭಾರತೀಯರಿಗೆ ಇದರ ಶುಲ್ಕ ಒಮ್ಮೆ ಇರುತ್ತದೆ, ಒಮ್ಮೆ ಮಾಫಿ ಆಗುತ್ತದೆ, ನಿಯಮವೂ ಆಗಾಗ ಬದಲಾಗಿದೆ. ಹಾಗಾಗಿ ಹಳೆಯ ವಿಡಿಯೋ ನೋಡಿ ನಂಬಬೇಡಿ, ಸರ್ಕಾರದ ತಾಣದಲ್ಲೇ ನೋಡಿ. ಅದರ ವಿಳಾಸ: ಇಟಿಎ ಡಾಟ್ ಗವ್ ಡಾಟ್ ಎಲ್‌ಕೆ. ಹುಡುಕಿದಾಗ ಮೇಲೆ ಬರುವ ಜಾಹೀರಾತು ತಾಣಗಳು ನೋಡೋಕೆ ಥೇಟ್ ಸರ್ಕಾರದ ತಾಣದ ಹಾಗೇ ಇರುತ್ತವೆ. ಅದೇ ಕೆಲಸಕ್ಕೆ ಎರಡು ಮೂರು ಪಟ್ಟು ದುಡ್ಡು ಕೀಳುತ್ತವೆ.

ನಮ್ಮ ಒಂದು ರೂಪಾಯಿಗೆ ಅವರ ಮೂರು ರೂಪಾಯಿ ಚಿಲ್ಲರೆ. ಬಿಲ್ಲು ನೋಡಿದ ಕೂಡಲೇ ಗಾಬರಿಯಾಗಬೇಡಿ, ಮೂರರಿಂದ ಭಾಗಿಸಿ, ನಿಜವಾದ ಖರ್ಚು ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಕೂಡ ಶುರುವಾಗಿದೆ. ನಿಮ್ಮ ಆ್ಯಪಿನಲ್ಲಿ ವಿದೇಶಿ ಪಾವತಿಯನ್ನು ಆನ್ ಮಾಡಿಕೊಂಡಿರಬೇಕು ಅಷ್ಟೆ. ಆದರೆ ಅದನ್ನೇ ನೆಚ್ಚಿಕೊಂಡು ಹೋಗಬೇಡಿ. ಆಟೊ, ಸಣ್ಣ ಹೋಟೆಲು, ದೇವಸ್ಥಾನ, ಎಳನೀರಿನವರು, ಎಲ್ಲ ಕಡೆ ನಗದೇ ಬೇಕು. ವಿಮಾನ ನಿಲ್ದಾಣದಲ್ಲೇ ಸ್ವಲ್ಪ ದುಡ್ಡು ಬದಲಾಯಿಸಿ, ಡಯಲಾಗ್ ಅಥವಾ ಮೊಬಿಟೆಲ್ ಸಿಮ್ ತಗೊಂಡು ಹೊರಗೆ ಬನ್ನಿ.

ವೇಳೆ ನಮ್ಮದೇ, ಗಡಿಯಾರ ತಿರುಗಿಸುವ ಕೆಲಸವಿಲ್ಲ. ಗಾಡಿ ಓಡಿಸುವುದೂ ಎಡಗಡೆಯೇ. ಪ್ಲಗ್ ಮಾತ್ರ ಹಲವು ಕಡೆ ಚೌಕ ಪಿನ್ನಿನದು, ಒಂದು ಅಡಾಪ್ಟರ್ ಇಟ್ಟುಕೊಳ್ಳಿ.

3. ದಾರಿ ಹಾಕಿಕೊಳ್ಳಿ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಒಂದೂವರೆ ಗಂಟೆ ಚಿಲ್ಲರೆ ಪ್ರಯಾಣ. ಆದರೆ ನೀವು ಇಳಿಯುವುದು ಕೊಲಂಬೊದಲ್ಲಲ್ಲ, ಅಲ್ಲಿಂದ 30 ಕಿಲೋಮೀಟರ್ ಉತ್ತರಕ್ಕಿರುವ ಕಟುನಾಯಕೆಯಲ್ಲಿ. ಪಕ್ಕದಲ್ಲೇ ನೆಗೊಂಬೊ ಅನ್ನುವ ಮೀನುಗಾರರ ಊರಿದೆ. ರಾತ್ರಿ ಇಳಿದರೆ ಅಲ್ಲೇ ಮಲಗಿ ಬೆಳಗ್ಗೆ ಮುಂದಕ್ಕೆ ಹೊರಡಿ. ಮೊದಲ ದಿನವೇ ಕೊಲಂಬೊ ಒಳಗೆ ಹೋಗಿ ಟ್ರಾಫಿಕ್ಕಿನಲ್ಲಿ ಕೂರುವುದು ಸುಮ್ನೆ ದಂಡ. ನನ್ನ ಪ್ರಕಾರ ಕೊಲಂಬೊಗೆ ಅರ್ಧ ದಿನ ಸಾಕು, ಅದೂ ಕೊನೆಗೆ.

ಏಳು ರಾತ್ರಿ ಇದ್ದರೆ, ಡಿಸೆಂಬರ್–ಏಪ್ರಿಲ್‌ನಲ್ಲಿ: ನೆಗೊಂಬೊ ಒಂದು, ಸಿಗಿರಿಯ ಎರಡು, ಕ್ಯಾಂಡಿ ಒಂದು, 'ಎಲ್ಲ' ಎರಡು, ಗಾಲೆ ಒಂದು. ಗಾಲೆಯಿಂದ ವಿಮಾನ ನಿಲ್ದಾಣಕ್ಕೆ ಎಕ್ಸ್‌ಪ್ರೆಸ್‌ವೇ ಇರುವುದರಿಂದ ಎರಡೂವರೆ, ಮೂರು ಗಂಟೆಯಲ್ಲಿ ತಲುಪಬಹುದು.

ಮೇ–ಸೆಪ್ಟೆಂಬರ್‌ನಲ್ಲಿ: ನೆಗೊಂಬೊ ಒಂದು, ಸಿಗಿರಿಯ ಎರಡು, ತ್ರಿಂಕೋಮಲಿ ಎರಡು, ಕ್ಯಾಂಡಿ ಎರಡು.

ನಾಲ್ಕೇ ರಾತ್ರಿ ಇದ್ದರೆ ಸಿಗಿರಿಯ ಎರಡು, ಕ್ಯಾಂಡಿ ಎರಡು. ಬೀಚ್ ಬಿಟ್ಟುಬಿಡಿ. ಬೀಚ್ ನಮ್ಮ ಗೋಕರ್ಣದಲ್ಲೂ ಇದೆ, ಅಲ್ವಾ?

ಸಮಯದ ಲೆಕ್ಕಕ್ಕೆ ಒಂದು ಸೂತ್ರ: ಎಕ್ಸ್‌ಪ್ರೆಸ್‌ವೇ ಬಿಟ್ಟು ಬೇರೆ ಕಡೆ ಗಂಟೆಗೆ 35–40 ಕಿಲೋಮೀಟರ್ ಅಂತ ಹಿಡಿಯಿರಿ. ಕೊಲಂಬೊದಿಂದ ಕ್ಯಾಂಡಿ 115 ಕಿಲೋಮೀಟರ್, ಮೂರರಿಂದ ಮೂರೂವರೆ ಗಂಟೆ. ಕ್ಯಾಂಡಿಯಿಂದ ಎಲ್ಲಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬೆಟ್ಟದೂರು ನುವಾರ ಎಲಿಯ 77 ಕಿಲೋಮೀಟರ್ ಅಷ್ಟೇ. ಆದರೂ ಎರಡೂವರೆ ಗಂಟೆ, ಪೂರ್ತಿ ತಿರುವು. ಮಕ್ಕಳಿಗೆ ವಾಂತಿ ಮಾತ್ರೆ ಕೊಟ್ಟೇ ಹೊರಡಿ.

ರಾಮಾಯಣ ಯಾತ್ರೆಯ ಪ್ಯಾಕೇಜುಗಳ ಬಗ್ಗೆ ಹಿರಿಯರು ಕೇಳುತ್ತಿರುತ್ತಾರೆ. ಸೀತಾ ಎಲಿಯದ ಸೀತಮ್ಮನ ಗುಡಿ ನುವಾರ ಎಲಿಯದ ಹತ್ತಿರವೇ ದಾರಿಯಲ್ಲಿದೆ. ಎಲ್ಲದ ಹತ್ತಿರ ರಾವಣ ಜಲಪಾತ, ಗುಹೆ ಇವೆ. ತ್ರಿಂಕೋಮಲಿಯಲ್ಲಿ ಕಡಲಿನ ಬಂಡೆಯ ಮೇಲೆ ಕೋಣೇಶ್ವರನ ದೇವಸ್ಥಾನವಿದೆ. ಮೇಲಿನ ದಾರಿಯಲ್ಲೇ ಇವು ಸಿಗುತ್ತವೆ, ಇವಕ್ಕೆಂದೇ ಬೇರೆ ಪ್ಯಾಕೇಜ್ ಬೇಡ.

4. ಗಾಡಿ, ಡ್ರೈವರ್, ರೈಲು

ಕುಟುಂಬ ಸಮೇತ ಹೋಗುವವರಿಗೆ ಡ್ರೈವರ್ ಸಹಿತ ಕಾರು ಒಳ್ಳೆಯದು. ಮಾತಾಡುವಾಗ ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ: ದಿನಕ್ಕೆ ಎಷ್ಟು ಕಿಲೋಮೀಟರ್ ಸೇರಿದೆ, ಪೆಟ್ರೋಲ್ ಯಾರದು, ಎಕ್ಸ್‌ಪ್ರೆಸ್‌ವೇ ಟೋಲ್ ಯಾರದು, ಡ್ರೈವರ್ ಊಟ ಮತ್ತು ರಾತ್ರಿ ವಾಸ ಯಾರದು. ಅಲ್ಲಿ ಸುಮಾರು ಹೋಟೆಲುಗಳಲ್ಲಿ ಡ್ರೈವರ್‌ಗಳಿಗೆ ಮಲಗಲು ಪ್ರತ್ಯೇಕ ಕೋಣೆ ಇರುತ್ತದೆ. ಸಣ್ಣ ಹೋಮ್‌ಸ್ಟೇಗಳಲ್ಲಿ ಇರುವುದಿಲ್ಲ. ಮೊದಲೇ ಕೇಳದಿದ್ದರೆ ಪಾಪ, ಆ ಮನುಷ್ಯ ರಾತ್ರಿಯೆಲ್ಲ ಕಾರಿನಲ್ಲೇ ಮಲಗಬೇಕಾಗುತ್ತದೆ.

ಆಟೊಗೆ ಅಲ್ಲಿ ಟುಕ್ ಟುಕ್ ಅನ್ನುತ್ತಾರೆ. ಪಿಕ್‌ಮಿ ಅಂತ ಅಲ್ಲಿನದೇ ಆ್ಯಪ್ ಇದೆ, ದೊಡ್ಡ ಊರುಗಳಲ್ಲಿ ಚೆನ್ನಾಗಿ ಸಿಗುತ್ತದೆ. ಆ್ಯಪ್ ಇಲ್ಲದ ಕಡೆ ಹತ್ತುವ ಮುಂಚೆಯೇ ರೇಟು ಮಾತಾಡಿ.

ರಾತ್ರಿ ಹೊತ್ತು ಸಿಗಿರಿಯ, ಹಬರಣದ ಕಡೆ ರಸ್ತೆಯಲ್ಲಿ ಓಡಾಡಬೇಡಿ. ಕಾಡಾನೆಗಳು ರಸ್ತೆಗೇ ಬರುತ್ತವೆ.

ಇನ್ನು ಎಲ್ಲರೂ ಕೇಳುವ ಆ ನೀಲಿ ರೈಲು. ಕ್ಯಾಂಡಿಯಿಂದ ಎಲ್ಲಕ್ಕೆ ಆರೇಳು ಗಂಟೆ, ಟೀ ತೋಟ, ಸುರಂಗ, ಮಂಜು. ದಾರಿಯಲ್ಲಿ ಬರುವ ಪಟ್ಟಿಪೊಳ ದೇಶದ ಅತಿ ಎತ್ತರದ ನಿಲ್ದಾಣ, ಸುಮಾರು 1,900 ಮೀಟರ್. ರಿಸರ್ವೇಶನ್ 30 ದಿನ ಮುಂಚೆ ತೆರೆಯುತ್ತದೆ, ಸೀಸನ್ನಿನಲ್ಲಿ ಬೇಗ ಖಾಲಿಯಾಗುತ್ತದೆ. ಇಲ್ಲಿ ಆಗುವ ಎಡವಟ್ಟು ಏನೆಂದರೆ, ದುಬಾರಿ ಅಂದರೆ ಒಳ್ಳೆಯದಿರಬೇಕು ಅಂತ ಫಸ್ಟ್ ಕ್ಲಾಸ್ ಏಸಿ ತಗೊಳ್ಳುತ್ತಾರೆ. ಅದರ ಕಿಟಕಿ ತೆರೆಯುವುದಿಲ್ಲ. ಬೇಕಿರುವುದು ಎರಡನೇ ಅಥವಾ ಮೂರನೇ ದರ್ಜೆಯ ರಿಸರ್ವ್ಡ್ ಸೀಟು. ಅಷ್ಟು ಹೊತ್ತು ಕೂರಲಾಗದವರು ನುವಾರ ಎಲಿಯದ ಹತ್ತಿರದ ನಾನು ಓಯ ನಿಲ್ದಾಣದಲ್ಲಿ ಹತ್ತಿ, ಎಲ್ಲದವರೆಗೆ ಹೋಗಿ. ಅರ್ಧ ಹೊತ್ತು, ಒಳ್ಳೆಯ ಭಾಗ ಪೂರ್ತಿ ಸಿಗುತ್ತದೆ. ಲಗೇಜನ್ನು ಡ್ರೈವರ್ ಜೊತೆ ಕಾರಿನಲ್ಲೇ ಕಳಿಸಿಬಿಡಿ.

ಒಂದು ಎಚ್ಚರಿಕೆ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಲ್ಲಿ ಬೆಟ್ಟದ ಕಡೆ ತುಂಬಾ ಗುಡ್ಡ ಕುಸಿಯಿತು, ಈ ರೈಲು ಮಾರ್ಗಕ್ಕೂ ದೊಡ್ಡ ಪೆಟ್ಟು ಬಿತ್ತು. ನೀವು ಹೋಗುವ ಹೊತ್ತಿಗೆ ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ರೈಲು ಓಡುತ್ತಿದೆ ಅಂತ ವಿಚಾರಿಸಿಯೇ ರೂಮು ಬುಕ್ ಮಾಡಿ. ಮತ್ತೆ, ಫೋಟೊಗೋಸ್ಕರ ಬಾಗಿಲಲ್ಲಿ ನೇತಾಡಬೇಡಿ. ಸುರಂಗದ ಗೋಡೆ, ಬಂಡೆ ಎಲ್ಲ ಕೈಗೆಟುಕುವಷ್ಟು ಹತ್ತಿರ ಬರುತ್ತವೆ, ಜನ ಸತ್ತಿದ್ದಾರೆ.

5. ಬಂಡೆ, ಗುಹೆ, ದಂತ

ಸಿಗಿರಿಯ ಬಂಡೆಯ ಬಗ್ಗೆ ಗೊತ್ತಿರಬೇಕಾದ ಕತೆ ಚಿಕ್ಕದು. ಐದನೇ ಶತಮಾನದಲ್ಲಿ ಕಶ್ಯಪ ತಂದೆಯನ್ನು ಕೊಂದು ಗದ್ದುಗೆ ಏರಿದ. ತಮ್ಮ ಮೊಗ್ಗಲ್ಲಾನ ದಕ್ಷಿಣ ಭಾರತಕ್ಕೆ ಓಡಿಹೋದ. ತಮ್ಮ ಸೈನ್ಯ ಕಟ್ಟಿಕೊಂಡು ಬರುತ್ತಾನೆ ಅನ್ನುವ ಹೆದರಿಕೆಯಲ್ಲೇ ಕಶ್ಯಪ ಸುಮಾರು 200 ಮೀಟರ್ ಎತ್ತರದ ಈ ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿದ. 477ರಿಂದ 495ರವರೆಗೆ ಆಳಿದ. ತಮ್ಮ ಬಂದೇ ಬಂದ, ಕಶ್ಯಪ ಸೋತು ಸತ್ತ.

ಹತ್ತಲು ಸುಮಾರು 1,200 ಮೆಟ್ಟಿಲು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಒಂಬತ್ತರ ಮೇಲೆ ಕಬ್ಬಿಣದ ಮೆಟ್ಟಿಲ ಮೇಲೆ ಸಾಲು ನಿಲ್ಲಬೇಕಾಗುತ್ತದೆ, ನೆರಳಿರುವುದಿಲ್ಲ. ಅರ್ಧ ಹತ್ತಿದ ಮೇಲೆ ಬಂಡೆಯ ಮಡಿಲಲ್ಲಿ ಹೆಂಗಸರ ಹಳೆಯ ಚಿತ್ರಗಳಿವೆ, ಹಳದಿ, ಕೆಂಪು, ಹಸಿರು ಬಣ್ಣ ಇನ್ನೂ ಮಾಸಿಲ್ಲ. ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ. ಅದರಾಚೆ ಕನ್ನಡಿ ಗೋಡೆ. ಒಂದು ಕಾಲಕ್ಕೆ ಮುಖ ಕಾಣುವಷ್ಟು ನುಣುಪಾಗಿತ್ತಂತೆ. ಸಾವಿರ ವರ್ಷದ ಹಿಂದೆ ಇಲ್ಲಿಗೆ ಬಂದವರು ಆ ಚಿತ್ರದ ಹೆಂಗಸರನ್ನು ನೋಡಿ ಅದರ ಮೇಲೆ ಪದ್ಯ ಗೀಚಿ ಹೋಗಿದ್ದಾರೆ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಸಣ್ಣ ಸಣ್ಣ ಅಕ್ಷರಗಳು ಕಾಣುತ್ತವೆ. ಜನ ಇದನ್ನು ನೋಡದೆ ಮೇಲೆ ಓಡುತ್ತಾರೆ. ಮೇಲಿನ ಅಂಗಳದಲ್ಲಿ ಎರಡು ದೊಡ್ಡ ಸಿಂಹದ ಪಂಜಗಳು, ಅವುಗಳ ನಡುವೆಯೇ ಕೊನೆಯ ಏರು. 'ಸದ್ದು ಮಾಡಬೇಡಿ' ಅನ್ನುವ ಬೋರ್ಡುಗಳನ್ನು ತಮಾಷೆ ಅಂದುಕೊಳ್ಳಬೇಡಿ. ಬಂಡೆಗೆ ದೊಡ್ಡ ದೊಡ್ಡ ಗೂಡುಗಳಿವೆ, ಹೆಜ್ಜೇನು ಎದ್ದು ಜನರನ್ನು ಕಚ್ಚಿದ ಉದಾಹರಣೆ ಬೇಕಾದಷ್ಟಿವೆ.

ಟಿಕೆಟ್ ದುಬಾರಿ, ವಿದೇಶಿಯರಿಗೆ 30 ಡಾಲರಿನ ಮೇಲೆ. ಆದರೆ ಸಾರ್ಕ್ ದೇಶದವರಿಗೆ, ಅಂದರೆ ನಮಗೂ, ಕಡಿಮೆ ದರವಿದೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಲೇಬೇಕು. ಮೂಲ ಪಾಸ್‌ಪೋರ್ಟನ್ನು ರೂಮಿನಲ್ಲಿ ಬಿಟ್ಟು ಬಂದು ಪೂರ್ತಿ ದರ ಕೊಟ್ಟವರು ಎಷ್ಟೋ ಜನ. ಅಷ್ಟೂ ಬೇಡ ಅನ್ನುವವರು ಪಕ್ಕದ ಪಿದುರಂಗಲ ಬಂಡೆ ಹತ್ತಿ. ಟಿಕೆಟ್ ತೀರಾ ಕಡಿಮೆ, ಎದುರಿಗೆ ಪೂರ್ತಿ ಸಿಗಿರಿಯ ಕಾಣುತ್ತದೆ. ಕೊನೆಯ ಹತ್ತು ನಿಮಿಷ ಬಂಡೆಗಳ ಮೇಲೆ ಕೈಯೂರಿ ತೆವಳಬೇಕು, ಮಂಡಿನೋವಿನವರಿಗೆ ಬೇಡ.

ದಂಬುಳ್ಳದ ಐದು ಗುಹೆಗಳನ್ನು ಸಿಗಿರಿಯದ ದಿನವೇ ಸಂಜೆ ನೋಡಬಹುದು. ಟಿಕೆಟನ್ನು ಕೆಳಗೇ ತಗೊಳ್ಳಿ. ಮೇಲೆ ಹತ್ತಿದ ಮೇಲೆ ಟಿಕೆಟ್ ಇಲ್ಲ ಅಂತ ಮತ್ತೆ ಕೆಳಗೆ ಕಳಿಸುತ್ತಾರೆ.

ಕ್ಯಾಂಡಿಯಲ್ಲಿ ಇರುವುದು ಶ್ರೀ ದಳದಾ ಮಾಳಿಗಾವ, ಬುದ್ಧನ ಹಲ್ಲನ್ನು ಇಟ್ಟಿರುವ ದೇವಾಲಯ. ದಿನಕ್ಕೆ ಮೂರು ಹೊತ್ತು ಪೂಜೆ. ಡೋಲು ಬಾರಿಸುತ್ತಾರೆ, ಒಳಗಿನ ಕೋಣೆಯ ಬಾಗಿಲು ತೆರೆಯುತ್ತದೆ, ಬಿಳಿ ಬಟ್ಟೆ ಉಟ್ಟ ಜನ ತಾವರೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ನಿಮಗೆ ಕಾಣುವುದು ದೂರದಿಂದ ಚಿನ್ನದ ಕರಂಡಕ ಮಾತ್ರ. ಹಲ್ಲು ಕಾಣಲಿಲ್ಲ ಅಂತ ಬೇಸರ ಬೇಡ. ಸಂಜೆ ಆರೂವರೆಯ ಪೂಜೆಗೆ ಒಂದು ಗಂಟೆ ಮುಂಚೆ ಹೋಗಿ. ಜುಲೈ–ಆಗಸ್ಟ್‌ನಲ್ಲಿ ಎಸಳ ಪೆರಹೆರ ನಡೆಯುತ್ತದೆ. ಸಿಂಗರಿಸಿದ ಆನೆಗಳು, ಪಂಜು, ಕುಣಿತ ಸೇರಿದ ರಾತ್ರಿ ಮೆರವಣಿಗೆ ಅದು. ಆಗ ರೂಮಿನ ಬಾಡಿಗೆ ಮುಗಿಲಿಗೆ, ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು.

ಬೌದ್ಧ ದೇವಾಲಯಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಚಪ್ಪಲಿ ಜೊತೆ ಟೋಪಿಯನ್ನೂ ತೆಗೆಯಬೇಕು. ಕಲ್ಲು ಕಾದಿರುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅಲ್ಲಿ ದೊಡ್ಡ ಅಪಚಾರ.

6. ಬೆಟ್ಟದ ಮೇಲೆ

ಕಾಫಿ ನಾಡಿನಿಂದ ಬರುವವರಿಗೆ ಇಲ್ಲಿನ ಟೀ ತೋಟ ನೋಡುವಾಗ ಒಂದು ವಿಷಯ ಗೊತ್ತಿರಲಿ: ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಎಲೆ ತುಕ್ಕು ರೋಗ ಬಂದು ತೋಟಗಳೆಲ್ಲ ಹಾಳಾದವು. ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವನು ಅದಕ್ಕೂ ಎರಡು ವರ್ಷ ಮುಂಚೆ ಕ್ಯಾಂಡಿ ಹತ್ತಿರದ ಲೂಲ್‌ಕಂದುರದಲ್ಲಿ ಟೀ ನೆಟ್ಟಿದ್ದ. ಕಾಫಿ ಹೋದ ಮೇಲೆ ಎಲ್ಲರೂ ಟೀ ಹಿಡಿದರು. ತೋಟದ ಕೆಲಸಕ್ಕೆ ತಮಿಳುನಾಡಿನಿಂದ ಕರೆತಂದವರ ಮಕ್ಕಳು ಮೊಮ್ಮಕ್ಕಳೇ ಇವತ್ತಿಗೂ ಎಲೆ ಕೀಳುತ್ತಿರುವುದು. ಬೆಟ್ಟದ ಕಡೆ ತಮಿಳು ಬಂದರೆ ಮಾತು ಸಲೀಸು.

ಎಲ್ಲದಲ್ಲಿ ನೋಡಬೇಕಾದ್ದು ಒಂಬತ್ತು ಕಮಾನಿನ ಸೇತುವೆ, 1921ರದು, ಉಕ್ಕು ಬಳಸದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ್ದು. ರೈಲಿನ ವೇಳೆ ಕೇಳಿಕೊಂಡು ಹೋಗಿ. ಲಿಟಲ್ ಆಡಮ್ಸ್ ಪೀಕ್ ಒಂದು ಗಂಟೆಯ ಸುಲಭ ಚಾರಣ, ಮಕ್ಕಳೂ ಹತ್ತುತ್ತಾರೆ. ನಿಜವಾದ ಆಡಮ್ಸ್ ಪೀಕ್, ಅಂದರೆ ಶ್ರೀಪಾದ ಬೆಟ್ಟ ಬೇರೆ, 2,243 ಮೀಟರ್, ಸಾವಿರಾರು ಮೆಟ್ಟಿಲು. ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆವರೆಗೆ ರಾತ್ರಿ ಹತ್ತಿ ಸೂರ್ಯೋದಯ ನೋಡುವುದು ರೂಢಿ. ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳಬೇಡಿ.

ಹಾರ್ಟನ್ ಪ್ಲೇನ್ಸ್ ಅನ್ನುವ ಬೆಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ನುವಾರ ಎಲಿಯದಿಂದ ಬೆಳಗ್ಗೆ ಐದಕ್ಕೇ ಹೊರಡಿ. ವರ್ಲ್ಡ್ಸ್ ಎಂಡ್ ಅನ್ನುವ ಪ್ರಪಾತ ಒಂಬತ್ತರ ನಂತರ ಮಂಜಿನಲ್ಲಿ ಮುಚ್ಚಿಹೋಗುತ್ತದೆ. ಸ್ವೆಟರ್ ಬೇಕೇ ಬೇಕು.

7. ಊಟ: ಏನು, ಯಾವಾಗ, ಸಸ್ಯಾಹಾರಿಗಳು ಹೇಗೆ

ಎಲ್ಲಕ್ಕಿಂತ ಜಾಸ್ತಿ ಪ್ರಶ್ನೆ ಬರುವುದು ಇದರ ಬಗ್ಗೆ. ಉತ್ತರ ಕನ್ನಡ, ಮಲೆನಾಡು, ಕರಾವಳಿ ಕಡೆಯವರಾದರೆ ನಿಮಗೆ ಅರ್ಧ ಅಡುಗೆಮನೆ ಪರಿಚಯದ್ದೇ. ತೆಂಗಿನಕಾಯಿ, ತೆಂಗಿನ ಹಾಲು, ಹಲಸು, ಕರಿಬೇವು, ಕೆಂಪು ಕುಸುಬಲಕ್ಕಿ. ಎಳೆ ಹಲಸಿನ ಪಲ್ಯಕ್ಕೆ ಪೊಲೋಸ್ ಅನ್ನುತ್ತಾರೆ, ಗುಜ್ಜೆಯನ್ನು ಕಪ್ಪಾಗುವ ತನಕ ಮಸಾಲೆಯಲ್ಲಿ ಬೇಯಿಸಿದ್ದು. ಗೊಟುಕೊಳ ಸಂಬೋಲ ಅಂದರೆ ಒಂದೆಲಗವನ್ನು ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆರಸ ಹಾಕಿ ಕಲಸಿದ್ದು. ಮೀನಿನ ಹುಳಿಗೆ ಹಾಕುವ ಗೊರಕ ನಮ್ಮ ಉಪ್ಪಾಗೆಯೇ. ಪರಿಪ್ಪು ಅಂದರೆ ಕೆಂಪು ಮಸೂರ್ ಬೇಳೆ, ತೆಂಗಿನ ಹಾಲಿನಲ್ಲಿ ಬೇಯಿಸಿದ್ದು.

ಮಧ್ಯಾಹ್ನಕ್ಕೆ ಅನ್ನ ಮತ್ತು ಕರಿ. ಸಣ್ಣ ಊಟದ ಅಂಗಡಿಗೆ 'ಕಡೆ' ಅನ್ನುತ್ತಾರೆ. ಬೋರ್ಡಿನ ಮೇಲೆ 'ಹೋಟೆಲ್' ಅಂತಲೂ ಇರುತ್ತದೆ, ಅಲ್ಲಿ ರೂಮು ಕೇಳಬೇಡಿ. ಮಣ್ಣಿನ ಮಡಕೆಗಳ ಸಾಲು, ಒಂದೊಂದರ ಮೇಲೂ ತೆಂಗಿನ ಚಿಪ್ಪಿನ ಸೌಟು. ತಟ್ಟೆಯ ನಡುವೆ ಅನ್ನದ ಗುಡ್ಡೆ, ಸುತ್ತ ಬೇಳೆ, ಬೀಟ್‌ರೂಟ್, ಸೊಪ್ಪು, ಬದನೆಕಾಯಿ, ಪಕ್ಕದಲ್ಲಿ ಹಪ್ಪಳ, ಸುಟ್ಟ ಹಾಗೆ ಕರಿದ ಒಣಮೆಣಸು. ಕೈಯಲ್ಲೇ ಉಣ್ಣುತ್ತಾರೆ. ಒಂದಕ್ಕೊಂದು ಸ್ವಲ್ಪ ಸ್ವಲ್ಪ ಬೆರೆಸಿ ತುತ್ತು ಮಾಡಿದರೇ ಅದರ ರುಚಿ. ಖಾರ ನಮ್ಮ ಗುಂಟೂರು ಮೆಣಸಿನವರನ್ನೂ ಕಣ್ಣೀರಿಡಿಸುವಷ್ಟು. ಎರಡು ಗಂಟೆಯ ಮೇಲೆ ಹೋದರೆ ಮಡಕೆ ಖಾಲಿ.

ಸಂಜೆಗೆ ಹಾಪರ್, ಅವರ ಬಾಯಲ್ಲಿ ಆಪ್ಪ. ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಹುಳಿ ಬಂದ ಹಿಟ್ಟನ್ನು ಪುಟ್ಟ ಬಾಣಲೆಗೆ ಒಂದು ಸೌಟು ಹೊಯ್ದು, ಬಾಣಲೆಯನ್ನೇ ಗಿರ್ರನೆ ಒಂದು ಸುತ್ತು ತಿರುಗಿಸುತ್ತಾರೆ. ಅಂಚಿಗೆ ಹತ್ತಿದ ಹಿಟ್ಟು ಜಾಲರಿಯ ಹಾಗೆ ಕಂದಾಗುತ್ತದೆ, ನಡು ಮಾತ್ರ ಬಿಳಿ, ಮೆತ್ತಗೆ. ನಡುವೆ ಮೊಟ್ಟೆ ಒಡೆದು ಮುಚ್ಚಿದರೆ ಮೊಟ್ಟೆ ಆಪ್ಪ. ಅಂಚನ್ನು ಮುರಿದು ಹಳದಿಗೆ ಅದ್ದಿ ತಿನ್ನಬೇಕು. ಜೊತೆಗೆ ಲುಣು ಮಿರಿಸ್ ಅನ್ನುವ ಈರುಳ್ಳಿ–ಮೆಣಸಿನ ಚಟ್ನಿ. ಇದನ್ನು ಮಧ್ಯಾಹ್ನ ಕೇಳಿದರೆ ಸಿಗುವುದಿಲ್ಲ. ಬೆಳಗ್ಗೆ, ಇಲ್ಲವೇ ಸಂಜೆ. ಇಂಡಿ ಆಪ್ಪ ನಮ್ಮ ಒತ್ತು ಶಾವಿಗೆ. ರಾತ್ರಿ ಬೀದಿಯಲ್ಲಿ ಎರಡು ಕಬ್ಬಿಣದ ಪಟ್ಟಿ ಕಾವಲಿಗೆ ಟಕಟಕ ಬಡಿಯುವ ಸದ್ದು ಕೇಳಿದರೆ ಅದು ಕೊತ್ತು. ರೊಟ್ಟಿಯನ್ನು ತರಕಾರಿ, ಮೊಟ್ಟೆ, ಮಾಂಸದ ಜೊತೆ ಕೊಚ್ಚಿ ಹುರಿದದ್ದು.

ಈಗ ಸಸ್ಯಾಹಾರಿಗಳ ವಿಷಯ. ತರಕಾರಿ ಪಲ್ಯಗಳೇನೋ ಧಾರಾಳ. ತೊಂದರೆ ಇರುವುದು ಉಂಬಲಕಡದಲ್ಲಿ. ಮಾಲ್ಡೀವ್ಸ್ ಮೀನು ಅಂತಲೂ ಕರೆಯುವ ಒಣಗಿಸಿದ ಟ್ಯೂನಾ ಅದು, ಕಟ್ಟಿಗೆಯ ಹಾಗೆ ಗಟ್ಟಿ. ಕುಟ್ಟಿ ಪುಡಿ ಮಾಡಿ ಮಸಾಲೆಯ ಹಾಗೆ ಬಳಸುತ್ತಾರೆ. ಕಾಯಿತುರಿಯ ಪೊಲ್ ಸಂಬೋಲದಲ್ಲಿ, ಲುಣು ಮಿರಿಸ್‌ನಲ್ಲಿ, ಕೆಲವೊಮ್ಮೆ ಸೊಪ್ಪಿನ ಪಲ್ಯದಲ್ಲೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. 'ವೆಜ್ಜಾ?' ಅಂದರೆ ಹೌದು ಅನ್ನುತ್ತಾರೆ, ಮೋಸ ಮಾಡಬೇಕೆಂದಲ್ಲ, ಅವರ ಲೆಕ್ಕದಲ್ಲಿ ಅದು ಮೀನಿನ ಪಲ್ಯವಲ್ಲ ಅಷ್ಟೆ. ಹಾಗಾಗಿ ಹೆಸರು ಹಿಡಿದೇ ಕೇಳಿ:

- ಮಸ್ ಎಪಾ: ಮಾಂಸ ಬೇಡ
- ಮಾಳು ಎಪಾ: ಮೀನು ಬೇಡ
- ಬಿತ್ತರ ಎಪಾ: ಮೊಟ್ಟೆ ಬೇಡ
- ಉಂಬಲಕಡ ಎಪಾ: ಇದನ್ನು ಮರೆಯಬೇಡಿ

ಬೀದಿ ಬದಿಯ ವಡೆಯಲ್ಲೂ ಹುಷಾರು. ಪರಿಪ್ಪು ವಡೆ ಬೇಳೆಯದು, ಇಸ್ಸೊ ವಡೆಯ ಮೇಲೆ ಸಿಗಡಿ ಕೂತಿರುತ್ತದೆ. ಕಟ್ಟುನಿಟ್ಟಿನವರು 'ಸೈವ' ಅಂತ ಬೋರ್ಡಿರುವ ತಮಿಳರ ಹೋಟೆಲು ಹುಡುಕಿ. ಕೊಲಂಬೊದ ವೆಳ್ಳವತ್ತೆ, ಕ್ಯಾಂಡಿ, ತ್ರಿಂಕೋಮಲಿ, ಜಾಫ್ನಾದಲ್ಲಿ ಇಡ್ಲಿ, ದೋಸೆ, ಅನ್ನ ಸಾಂಬಾರ್ ಸಿಗುತ್ತವೆ. ಹೋಮ್‌ಸ್ಟೇಯಲ್ಲಿ ಉಳಿದರೆ ಇನ್ನೂ ಒಳ್ಳೆಯದು. ರಾತ್ರಿ ಊಟ ಬೇಕು ಅಂತ ಮಧ್ಯಾಹ್ನದ ಒಳಗೆ ಮನೆಯವರಿಗೆ ಹೇಳಿ, ಐದಾರು ಬಗೆ ಮಾಡಿ ಬಡಿಸುತ್ತಾರೆ. ನನಗೆ ಕೇಳಿದರೆ ಯಾವ ಹೋಟೆಲಿನ ಬಫೆಯೂ ಇದರ ಮುಂದೆ ನಿಲ್ಲುವುದಿಲ್ಲ.

ಸಿಹಿಗೆ ಒಂದೇ ಹೆಸರು ಬರೆದುಕೊಳ್ಳಿ: ಕಿತುಲ್ ಪಾನಿ ಹಾಕಿದ ಎಮ್ಮೆ ಮೊಸರು. ಕಿತುಲ್ ಅಂದರೆ ನಮ್ಮ ಬಗನಿ ಮರ, ಅದರ ರಸ ಕಾಯಿಸಿ ಮಾಡಿದ ಜೋನಿಬೆಲ್ಲದಂಥ ಪಾಕ. ಮೊಸರು ಮಣ್ಣಿನ ಕುಡಿಕೆಯಲ್ಲೇ ಹೆಪ್ಪಾಗಿರುತ್ತದೆ, ದಕ್ಷಿಣದ ರಸ್ತೆ ಬದಿಯಲ್ಲಿ ಕುಡಿಕೆಗಳನ್ನು ಪೇರಿಸಿಟ್ಟು ಮಾರುತ್ತಾರೆ. ಕುಡಿಯಲು ಕೆಂದಾಳಿ ಎಳನೀರು, ಅಲ್ಲಿ ತಂಬಿಲಿ. ಟೀ ದೇಶದ ಟೀ ಮಾತ್ರ ನಿಮಗೆ ಆಶ್ಚರ್ಯ ತರಬಹುದು. ಸಣ್ಣ ಊಟದ ಅಂಗಡಿಗಳಲ್ಲಿ ಹಾಲಿನ ಟೀ ಮಾಡುವುದು ಹಾಲಿನ ಪುಡಿಯಲ್ಲಿ. ಅದರ ಬದಲು ಕಪ್ಪು ಟೀ ಕೇಳಿ, ಒಂದು ಚೂರು ಬೆಲ್ಲ ಕಚ್ಚುತ್ತಾ ಕುಡಿಯಿರಿ.

8. ಕಡಲು, ಕಾಡು

ಗಾಲೆಯ ಕೋಟೆ ಪೋರ್ಚುಗೀಸರು ಶುರು ಮಾಡಿ ಡಚ್ಚರು ಗಟ್ಟಿಯಾಗಿ ಕಟ್ಟಿದ್ದು. ಒಳಗೆ ಇವತ್ತಿಗೂ ಜನ ವಾಸವಿದ್ದಾರೆ. ಬಿಸಿಲು ಇಳಿದ ಮೇಲೆ ಗೋಡೆಯ ಮೇಲೆ ಒಂದು ಸುತ್ತು ನಡೆಯಿರಿ, ಸಾಕು.

ಮಿರಿಸ್ಸದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ಹೊಟ್ಟೆ ತೊಳಸುವವರು ಮಾತ್ರೆ ತಗೊಂಡೇ ಹತ್ತಿ. ತಿಮಿಂಗಿಲದ ಮೈಮೇಲೇ ಹೋಗುವಂತೆ ಅಟ್ಟಿಸಿಕೊಂಡು ಹೋಗುವ ಅಗ್ಗದ ದೋಣಿ ಬೇಡ. ಕೊಗ್ಗಲದ ಕಡೆ ಕೋಲಿನ ಮೇಲೆ ಕೂತು ಮೀನು ಹಿಡಿಯುವವರ ಫೋಟೊ ನೋಡಿರುತ್ತೀರಿ. ಈಗ ಬಹುಪಾಲು ಅವರು ಕೂರುವುದು ಫೋಟೊಗೇ, ದುಡ್ಡು ಕೇಳುತ್ತಾರೆ.

ಆನೆ ನೋಡಬೇಕಾದರೆ ಉಡವಲವೆ ರಾಷ್ಟ್ರೀಯ ಉದ್ಯಾನ. ವರ್ಷವಿಡೀ ಕಾಣುತ್ತವೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸಿಗಿರಿಯ ಪಕ್ಕದ ಮಿನ್ನೇರಿಯ ಕೆರೆಯ ನೀರು ಇಳಿದಾಗ ಹಿಂಡು ಹಿಂಡಾಗಿ ಮೇಯಲು ಬರುತ್ತವೆ, ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಬಂದ ಹಾಗೆ. ಚಿರತೆಗೆ ಯಾಲಾ ಹೆಸರುವಾಸಿ. ಆದರೆ ಒಂದು ಚಿರತೆಗೆ ಜೀಪುಗಳ ಸಂತೆ ಸೇರುತ್ತದೆ. ನಾಗರಹೊಳೆ, ಬಂಡೀಪುರ ನೋಡಿದವರು ಯಾಲಾ ಬಿಟ್ಟರೂ ನಷ್ಟವಿಲ್ಲ.

9. ಪೋಯ ದಿನ ಮತ್ತು ಸಿಹಿ ಮಾತಿನವರು

ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ. ಅಂದು ಮದ್ಯ ಮಾರುವ ಹಾಗಿಲ್ಲ, ದೇವಾಲಯಗಳಲ್ಲಿ ಜಾತ್ರೆ, ರೈಲು–ಬಸ್ಸು ತುಂಬಿ ತುಳುಕುತ್ತವೆ. ದಾರಿ ಹಾಕುವಾಗಲೇ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಗುರುತು ಮಾಡಿಕೊಳ್ಳಿ, ಅಂದು ಊರಿಂದೂರಿಗೆ ಹೋಗುವುದು ಬೇಡ.

ಕೊಲಂಬೊದ ಗಾಲೆ ಫೇಸ್ ಅನ್ನುವ ಕಡಲ ಪಕ್ಕದ ಮೈದಾನದ ಕಡೆ ಯಾರಾದರೂ ತಾವೇ ಬಂದು ಮಾತಾಡಿಸಿ, 'ಇವತ್ತು ಆನೆ ಹಬ್ಬ, ಇವತ್ತೇ ಕೊನೆ' ಅಂದರೆ ನಕ್ಕು ಮುಂದೆ ಹೋಗಿ. ಟುಕ್ ಟುಕ್ ಕೊನೆಗೆ ನಿಲ್ಲುವುದು ರತ್ನದ ಅಂಗಡಿ ಮುಂದೆ. ಮಾತಳೆ ರಸ್ತೆಯ ಮಸಾಲೆ ತೋಟಗಳು ಸುತ್ತಾಡಲು ಪುಕ್ಕಟೆ, ಕೊನೆಗೆ ಎಣ್ಣೆ, ಮುಲಾಮುಗಳನ್ನು ಕುತ್ತಿಗೆಗೆ ಕಟ್ಟುತ್ತಾರೆ. ಡ್ರೈವರ್‌ಗೆ ಕಮಿಷನ್ ಇರುತ್ತದೆ. 'ಅಂಗಡಿ ಬೇಡ' ಅಂತ ಮೊದಲ ದಿನವೇ ನಯವಾಗಿ ಹೇಳಿಬಿಡಿ, ಕೊನೆಗೆ ಟಿಪ್ಸ್ ಸ್ವಲ್ಪ ಧಾರಾಳವಾಗಿ ಕೊಡಿ.

ನೀಲಮಣಿ ತಗೊಳ್ಳಲೇಬೇಕು ಅನ್ನುವವರು ಸರ್ಕಾರದ ರತ್ನ ಮತ್ತು ಆಭರಣ ಪ್ರಾಧಿಕಾರದಲ್ಲಿ ಪರೀಕ್ಷೆ ಮಾಡಿಸಿದ ಮೇಲೇ ದುಡ್ಡು ಕೊಡಿ.

10. ಏನು ತರಬಹುದು

ಹವಳ, ಆಮೆ ಚಿಪ್ಪು, ಹಳೆಯ ವಿಗ್ರಹ ಮುಟ್ಟಬೇಡಿ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ. ದಾಲ್ಚಿನ್ನಿ ತನ್ನಿ. ಅಲ್ಲಿನದು ಕಾಗದದ ಸುರುಳಿಯ ಹಾಗೆ ತೆಳು, ನಮ್ಮ ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆಯೇ ಬೇರೆ. ಟೀ ಪ್ಯಾಕೆಟ್ಟಿನ ಮೇಲೆ ಕತ್ತಿ ಹಿಡಿದ ಸಿಂಹದ ಗುರುತು ನೋಡಿ. ಹಾಲು ಹಾಕಿ ಕುಡಿಯುವ ನಮ್ಮ ಮನೆಗಳಿಗೆ ನುವಾರ ಎಲಿಯದ ಟೀ ತೆಳು ಅನ್ನಿಸುತ್ತದೆ, ತಗ್ಗು ಪ್ರದೇಶದ ರುಹುಣ ಟೀ ತಗೊಳ್ಳಿ. ಊರಿನ ಸೂಪರ್‌ಮಾರ್ಕೆಟ್ಟಿನಲ್ಲೇ ಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಬೆಲೆ ಜಾಸ್ತಿ. ಕಿತುಲ್ ಪಾನಿಯ ಬಾಟಲಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಇಟ್ಟುಕೊಂಡರೆ ಸೆಕ್ಯುರಿಟಿಯವರು ಅಲ್ಲೇ ತೆಗೆದಿಡಿಸುತ್ತಾರೆ.